ದಕ್ಕೆಯ ಪಾಠ, ಹೊಲಕ್ಕೂ ಪಾಠ

ಬೇಸಾಯದ ಪತ್ರಿಕೆಯಲ್ಲಿ ಕಡಲ ವಿಜ್ಞಾನಿಗಳ ಮಾತೇಕೆ ಎಂದು ರೈತ ಬಾಂಧವರು ಕೇಳಬಹುದು. ನಿಮ್ಮ ಹೊಲಕ್ಕೆ ಸಲಹೆ ಹೇಳಲು ಬರುವ ಕಿರಿಯ ವಿಜ್ಞಾನಿಯನ್ನು ಹಿರಿಯರು ಹೇಗೆ ಪಳಗಿಸುತ್ತಾರೆ ಎಂಬುದು ನಿಮಗೂ ಸೇರಿದ ವಿಷಯ. ಏಕೆಂದರೆ ಲೆಕ್ಕ ತಪ್ಪಿದರೆ ನಷ್ಟ ವಿಜ್ಞಾನಿಗಲ್ಲ, ನಿಮಗೆ. ಇದನ್ನು ನಾನು ಚೆನ್ನಾಗಿ ಕಂಡದ್ದು ಮಂಗಳೂರಿನ ಮೀನುಗಾರಿಕಾ ದಕ್ಕೆಯಲ್ಲಿ.

ಮೇಲಿನ ಬುಟ್ಟಿ, ಕೆಳಗಿನ ಬುಟ್ಟಿ

ಬೆಳಗಿನ ಜಾವ ದೋಣಿಗಳು ಬಂದು ನಿಂತಿದ್ದವು. ಆಗತಾನೆ ಕೆಲಸಕ್ಕೆ ಸೇರಿದ್ದ ಕಿರಿಯ ವಿಜ್ಞಾನಿಯೊಬ್ಬಳು ಕೈಗೆ ಸಿಕ್ಕಿದ ಬುಟ್ಟಿಯಿಂದ ಬೂತಾಯಿ ಮೀನುಗಳನ್ನು ತೆಗೆದು ಉದ್ದ ಅಳೆಯತೊಡಗಿದಳು. ದೋಣಿಯ ಹಿರಿಯ ಮೀನುಗಾರರು ನಕ್ಕು, "ಅಮ್ಮಾ, ಇವು ಮಾರಾಟಕ್ಕೆ ಆರಿಸಿಟ್ಟ ದೊಡ್ಡ ಮೀನು. ಸಣ್ಣವು ಇನ್ನೂ ದೋಣಿಯಲ್ಲೇ ಇವೆ" ಎಂದರು. ಆಕೆಯ ಮುಖ ಸಣ್ಣದಾಯಿತು. ಅವಳ ಮಾರ್ಗದರ್ಶಕರು ಗದರಲಿಲ್ಲ. "ಬರೆದದ್ದನ್ನು ಹೊಡೆದುಹಾಕು, ಹರಿದುಹಾಕಬೇಡ. ಏಕೆ ತಪ್ಪಿತೆಂದು ಪಕ್ಕದಲ್ಲಿ ಬರೆ. ಈಗ ಅವರನ್ನೇ ಕೇಳಿಕೊಂಡು ಮತ್ತೆ ಅಳೆ" ಎಂದರು.

ದೊಡ್ಡ ಮೀನನ್ನಷ್ಟೇ ಅಳೆದರೆ ಕಡಲಿನಲ್ಲಿ ಬಲಿತ ಮೀನು ಹೇರಳವಾಗಿದೆ ಎಂಬ ತಪ್ಪು ಚಿತ್ರ ಮೂಡುತ್ತದೆ. ಮರಿಗಳೇ ಬಲೆಗೆ ಬೀಳುತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ಬೂತಾಯಿ ಎಷ್ಟು ಚಂಚಲವೆಂದರೆ, ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಇಂಥ ಏರಿಳಿತವನ್ನು ಅರಿಯಲು ದಕ್ಕೆಯ ಪ್ರತಿ ಅಳತೆಯೂ ನೇರವಾಗಿರಬೇಕು.

ಮೊದಲು ಕಿರಿಯರ ಲೆಕ್ಕ

ಮೀನಿನ ತಲೆಯೊಳಗೆ ಪುಟ್ಟ ಕಿವಿಕಲ್ಲುಗಳಿರುತ್ತವೆ. ಮರದ ಕಾಂಡದಲ್ಲಿರುವಂತೆ ಇವುಗಳಲ್ಲೂ ಬೆಳವಣಿಗೆಯ ಉಂಗುರಗಳು ಮೂಡುತ್ತವೆ. ಅವನ್ನು ಎಣಿಸಿ ವಯಸ್ಸು ಅಂದಾಜು ಮಾಡುತ್ತಾರೆ. ತಣ್ಣನೆಯ ಕಡಲಿನ ಮೀನುಗಳಲ್ಲಿ ವರ್ಷದ ಉಂಗುರ ಸ್ಪಷ್ಟ. ನಮ್ಮ ಬೆಚ್ಚನೆಯ ಕಡಲಿನವುಗಳಲ್ಲಿ ಅನೇಕ ವೇಳೆ ಮಸುಕು. ಆದ್ದರಿಂದ ಒಂದೇ ಕಲ್ಲನ್ನು ಇಬ್ಬರು ಬೇರೆ ಬೇರೆಯಾಗಿ ಓದುವುದು ಕ್ರಮ. ಆ ತಂಡದ ನಿಯಮ ಇನ್ನೂ ಕಟ್ಟುನಿಟ್ಟು: ಹಿರಿಯರ ಸಂಖ್ಯೆ ಕೇಳುವ ಮುನ್ನ ಕಿರಿಯರು ತಮ್ಮದನ್ನು ಬರೆದಿಡಬೇಕು. ಹೊಂದದಿದ್ದರೆ ಇಬ್ಬರೂ ಕೂಡಿ ಮತ್ತೆ ನೋಡಬೇಕು. ಹಿರಿಯರೆಂಬ ಭಯದಿಂದ ಕಿರಿಯರು ಅವರ ಸಂಖ್ಯೆಯನ್ನೇ ಒಪ್ಪಿಕೊಂಡರೆ, ಒಬ್ಬರ ತಪ್ಪು ಇಬ್ಬರ ಸತ್ಯವಾಗಿ ಕಾಣುತ್ತದೆ.

ನನ್ನ ತಪ್ಪು

ಇದನ್ನು ನೋಡುವಾಗ ನನ್ನ ಮೊದಲ ವರ್ಷದ ನೌಕರಿ ನೆನಪಾಯಿತು. ರಾಗಿಯ ಇಳುವರಿ ಅಂದಾಜಿಗೆ ಹೋದವನು, ದಾರಿಯ ಪಕ್ಕದ ಸೊಂಪಾದ ಜಾಗದಲ್ಲೇ ತೆನೆ ಕೊಯ್ದು ಎಕರೆಯ ಲೆಕ್ಕ ಹಾಕಿದ್ದೆ. ಹೊಲದ ಯಜಮಾನರು, "ಸ್ವಾಮಿ, ಆ ಜಾಗದಲ್ಲಿ ನಮ್ಮ ತಿಪ್ಪೆಯಿತ್ತು" ಎಂದರು. ನನ್ನ ಹಿರಿಯರಿಗೆ ಹೇಳಲು ಅಂಜಿ ಎರಡು ದಿನ ಸುಮ್ಮನಿದ್ದೆ. ಹೇಳಿದಾಗ ಅವರು ಮತ್ತೆ ಅದೇ ಹೊಲಕ್ಕೆ ಜೊತೆಯಲ್ಲೇ ಬಂದರು. ಆ ದಿನ ಕಲಿತದ್ದು ಯಾವ ತರಗತಿಯಲ್ಲೂ ಸಿಕ್ಕಿರಲಿಲ್ಲ.

ರೈತರು ಮಾಡಬೇಕಾದ್ದು

ಕಿರಿಯ ವಿಜ್ಞಾನಿಗೆ ಹಿರಿಯ ವಿಜ್ಞಾನಿ ಒಬ್ಬ ಗುರುವಾದರೆ, ಮೀನುಗಾರ ಮತ್ತು ರೈತ ಇನ್ನೊಬ್ಬ ಗುರು. ಆದ್ದರಿಂದ ನಿಮ್ಮ ಹೊಲಕ್ಕೆ ಬಂದವರಿಗೆ ಒಳ್ಳೆಯ ಬೆಳೆಯನ್ನಷ್ಟೇ ತೋರಿಸಬೇಡಿ, ಸೊರಗಿದ ಮೂಲೆಯನ್ನೂ ತೋರಿಸಿ. "ಎಲ್ಲಿ ಅಳೆದಿರಿ, ಎಷ್ಟು ಕಡೆ ಅಳೆದಿರಿ?" ಎಂದು ಕೇಳಿ. ತಪ್ಪು ಕಂಡರೆ ಅಲ್ಲೇ ಹೇಳಿ. "ನನಗೆ ಗೊತ್ತಿಲ್ಲ, ತಿಳಿದು ಬಂದು ಹೇಳುತ್ತೇನೆ" ಎನ್ನುವ ಕಿರಿಯರನ್ನು ಹಗುರವಾಗಿ ಕಾಣಬೇಡಿ. ಅವರಿಗೆ ಒಳ್ಳೆಯ ಗುರು ಸಿಕ್ಕಿದ್ದಾರೆಂದೇ ತಿಳಿಯಿರಿ.