ಉತ್ಸಾಹ ಸ್ಥಾಯಿ, ನಾಚಿಕೆ ಸಂಚಾರಿ

ಒಬ್ಬನ ಅಭಿರುಚಿಯನ್ನು ಅಳೆಯಬೇಕಾದರೆ ಅವನ ಪುಸ್ತಕದ ಬೀರುವನ್ನು ನೋಡಬೇಕೆಂದು ಬಲ್ಲವರು ಹೇಳುತ್ತಾರೆ. ಈ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬೀರುವಿನಲ್ಲಿ ಪುಸ್ತಕ ಜೋಡಿಸುವಾಗ ಮನೆಗೆ ಬರುವ ನಾಲ್ಕು ಜನರ ಕಣ್ಣು ನಮ್ಮ ಬೆನ್ನ ಹಿಂದೆಯೇ ಇರುತ್ತದೆ. ಓದಿ ಸವೆದ ಪುಸ್ತಕ ಹಿಂದಿನ ಸಾಲಿಗೂ, ಎಂದಾದರೂ ಓದಬೇಕೆಂದಿರುವ ಪುಸ್ತಕ ಮುಂದಿನ ಸಾಲಿಗೂ ಸರಿಯುವುದು ಲೋಕರೂಢಿ. ಆದರೆ ಬೆಳಗಿನ ಜಾವ ಓಟಕ್ಕೋ ವ್ಯಾಯಾಮಶಾಲೆಗೋ ಹೊರಡುವವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವ ಹಾಡುಗಳ ಪಟ್ಟಿಯಿದೆಯಲ್ಲ, ಅದನ್ನು ಅವನು ಯಾರ ಮೆಚ್ಚುಗೆಗಾಗಿಯೂ ಮಾಡಿಕೊಂಡಿರುವುದಿಲ್ಲ. ಅಲ್ಲಿ ಕಾಲಿನ ಮತವೊಂದೇ ಮತ. ಆದ್ದರಿಂದಲೇ ಆ ಪಟ್ಟಿಯನ್ನು ಇನ್ನೊಬ್ಬರಿಗೆ ತೋರಿಸಲು ನಮ್ಮಲ್ಲಿ ಬಹುಮಂದಿಗೆ ಸಂಕೋಚ. ಹುರುಪು ಕೊಡುವ ಹಾಡೇ ಹೇಳಿಕೊಳ್ಳಲು ನಾಚಿಕೆಯಾಗುವ ಹಾಡೂ ಆಗಿರುವುದೇಕೆ? ಪ್ರಶ್ನೆ ಹಗುರವಾಗಿ ಕಾಣುತ್ತದೆ. ವಿಚಾರಿಸಹೊರಟರೆ ಅದರ ಭಾರ ತಿಳಿಯುತ್ತದೆ.

ಇನ್ನೊಬ್ಬರ ಪಟ್ಟಿಯನ್ನು ಕೇಳುವ ಮೊದಲು ನನ್ನದನ್ನು ಮುಂದಿಡುವುದು ನ್ಯಾಯ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪಂಪನ ಹಳಗನ್ನಡ, ಕುಮಾರವ್ಯಾಸನ ಭಾಮಿನಿ ಷಟ್ಪದಿ ಇವೇ ನನಗೆ ಅನ್ನ. ನಲವತ್ತು ದಾಟಿದ ಮೇಲೆ ರಕ್ತದಲ್ಲಿ ಸಕ್ಕರೆ ಏರಿರುವುದನ್ನು ಕಂಡ ವೈದ್ಯರು ದಿನಕ್ಕೆ ನಲವತ್ತು ನಿಮಿಷ ಬೆವರು ಹರಿಯುವಂತೆ ನಡೆಯಬೇಕೆಂದು ವಿಧಿಸಿದರು. ಮೊದಲ ವಾರ ಭಾವಗೀತೆಗಳನ್ನು ಕೇಳುತ್ತ ನಡೆದೆ. ಕೇಳುವವನನ್ನು ಒಂದು ಕ್ಷಣ ನಿಲ್ಲಿಸಿಬಿಡುವುದೇ ಒಳ್ಳೆಯ ಭಾವಗೀತೆಯ ಗುಣ. ನನ್ನ ಕಾಲುಗಳೂ ನಿಂತುವು. ಈಗ ನನ್ನನ್ನು ನಡೆಸುತ್ತಿರುವ ಹಾಡುಗಳೇ ಬೇರೆ. 2018ರ ‘ಟಗರು’ ಚಿತ್ರದ ಶೀರ್ಷಿಕೆ ಗೀತೆ ಒಂದು. 2005ರ ‘ಜೋಗಿ’ ಚಿತ್ರದಲ್ಲಿ ಹೊಡೆದಾಟಕ್ಕೆ ಹುರಿದುಂಬಿಸುವ ಹಾಡು ಇನ್ನೊಂದು. ‘ರಾಕಿ 3’ ಎಂಬ ಅಮೆರಿಕದ ಚಿತ್ರಕ್ಕಾಗಿ ನಟ ಸಿಲ್ವೆಸ್ಟರ್ ಸ್ಟಲೋನ್ ಕೇಳಿ ಬರೆಸಿಕೊಂಡ, 1982ರ ‘ಐ ಆಫ್ ದ ಟೈಗರ್’ ಮತ್ತೊಂದು. ಪರಿಚಿತರಾರಾದರೂ ಎದುರಿಗೆ ಬಂದು, “ಏನು ಕೇಳ್ತಾ ಇದ್ದೀರಿ ಮೇಷ್ಟ್ರೇ, ಕುಮಾರವ್ಯಾಸನೋ?” ಎಂದರೆ, ನನ್ನ ಅನುಮತಿಗೂ ಕಾಯದೆ ಹೆಬ್ಬೆರಳು ಹಾಡನ್ನು ನಿಲ್ಲಿಸಿಬಿಡುತ್ತದೆ.

ಈ ಸಂಕೋಚ ಹೆಚ್ಚಾದಾಗ ನಾನು ನೆನೆಯುವುದು ಇಥಿಯೋಪಿಯದ ಓಟಗಾರ ಹೈಲೆ ಗೆಬ್ರಸೆಲಾಸಿಯನ್ನು. 1996ರಲ್ಲಿಯೂ 2000ದಲ್ಲಿಯೂ ಒಲಿಂಪಿಕ್ಸಿನ 10,000 ಮೀಟರ್ ಓಟದಲ್ಲಿ ಚಿನ್ನ ಗೆದ್ದ ಮಹಾನುಭಾವ. ಆತ 1998ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಒಳಾಂಗಣದಲ್ಲಿ 2,000 ಮೀಟರ್ ದೂರವನ್ನು 4 ನಿಮಿಷ 52.86 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದಾಗ, ಧ್ವನಿವರ್ಧಕದಲ್ಲಿ ಮೊಳಗುತ್ತಿದ್ದುದು ಆತನೇ ಬಯಸಿದ ‘ಸ್ಕ್ಯಾಟ್‌ಮ್ಯಾನ್’ ಎಂಬ ಹಾಡು. ಅದರ ಬಹುಭಾಗಕ್ಕೆ ಅರ್ಥವೆಂಬುದೇ ಇಲ್ಲ. ಬಾಯಿಗೆ ಬಂದ ಅಕ್ಷರಗಳನ್ನು ತಾಳಕ್ಕೆ ಸರಿಯಾಗಿ ಉದುರಿಸಿದಂತಿದೆ. ಗಂಭೀರ ರಸಿಕರು ಕೇಳಿದರೆ ನಕ್ಕುಬಿಡುವಂಥದು. ಓಟಗಾರ ತನ್ನ ಹೆಜ್ಜೆಯ ಗತಿಯನ್ನು ಆ ಲಯಕ್ಕೆ ಹೊಂದಿಸಿಕೊಂಡ; ಯಾರು ನಕ್ಕರೂ ದಾಖಲೆ ದಾಖಲೆಯೇ.

ಆ ಹಾಡನ್ನು ಹಾಡಿದವನ ಕಥೆ ಇನ್ನೂ ಸ್ವಾರಸ್ಯವಾದುದು. ಜಾನ್ ಲಾರ್ಕಿನ್ ಅಮೆರಿಕದ ಜಾಸ್ ಪಿಯಾನೊ ವಾದಕ, ಬಾಲ್ಯದಿಂದಲೇ ಉಗ್ಗು. ಮಾತನಾಡುವಾಗ ತಡೆದು ನಿಲ್ಲುತ್ತಿದ್ದ ಅಕ್ಷರಗಳು ಅರ್ಥವಿಲ್ಲದ ಹಾಡಿಕೆಯಲ್ಲಿ ತಡೆಯಿಲ್ಲದೆ ಹರಿಯುತ್ತಿದ್ದುವು. 1994ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಆತ ತನ್ನ ಉಗ್ಗನ್ನೇ ವಸ್ತುವಾಗಿ ಮಾಡಿಕೊಂಡು ಈ ಹಾಡನ್ನು ಲೋಕದ ಮುಂದಿಟ್ಟ. ಜೀವಮಾನವೆಲ್ಲ ಮುಚ್ಚಿಟ್ಟುಕೊಂಡ ನಾಚಿಕೆ ಒಬ್ಬನಿಗೆ ಹಾಡಾಯಿತು; ಆ ಹಾಡು ಇನ್ನೊಬ್ಬನ ಕಾಲಿಗೆ ಬಲವಾಯಿತು. ಇದನ್ನು ತಿಳಿದ ಮೇಲೆ ಆ ಹಾಡೂ ನನ್ನ ಪಟ್ಟಿಗೆ ಸೇರಿತು.

ಹಾಡು ಕಾಲಿಗೆ ಬಲ ಕೊಡುತ್ತದೆಂಬುದು ಬರಿಯ ನಂಬಿಕೆಯೇನೂ ಅಲ್ಲ. ಅಮೆರಿಕದಲ್ಲಿ ನಡೆದ ಆರು ದಿನಗಳ ಸೈಕಲ್ ಪಂದ್ಯದಲ್ಲಿ, ವಾದ್ಯಮೇಳ ನುಡಿಯುತ್ತಿದ್ದಾಗ ಸವಾರರು ಹೆಚ್ಚು ವೇಗವಾಗಿ ಹೋಗುತ್ತಿದ್ದುದನ್ನು ಲಿಯೊನಾರ್ಡ್ ಏರ್ಸ್ ಎಂಬುವರು 1911ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ನಮ್ಮ ಕಾಲದಲ್ಲಿ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾನಿಲಯದ ಕೋಸ್ಟಾಸ್ ಕರಗಿಯೋರ್ಗಿಸ್ ಈ ವಿಷಯವನ್ನು ದಶಕಗಳ ಕಾಲ ಶೋಧಿಸಿದ್ದಾರೆ. ಅವರೂ ಅವರ ಸಂಗಡಿಗರೂ ಕಂಡಂತೆ, ಸಾಧಾರಣ ಶ್ರಮದಲ್ಲಿ ಹಾಡು ನಮ್ಮ ಗಮನವನ್ನು ದಣಿವಿನಿಂದ ಬೇರೆಡೆಗೆ ಸೆಳೆಯುತ್ತದೆ. ನಿಮಿಷಕ್ಕೆ 120ರಿಂದ 140 ಮಿಡಿತಗಳ ಲಯ ವ್ಯಾಯಾಮಕ್ಕೆ ಹೆಚ್ಚಾಗಿ ಹಿತವೆನಿಸುತ್ತದೆ. ಶ್ರಮ ಮಿತಿಮೀರಿದಾಗ ಮಾತ್ರ ದೇಹದ ಕೂಗೇ ಹಾಡನ್ನು ಮೀರುತ್ತದೆ. ಆಗ ಹಾಡು ದಣಿವನ್ನು ಮರೆಸಲಾರದಾದರೂ ಮನಸ್ಸನ್ನು ಎತ್ತಿ ಹಿಡಿಯಬಲ್ಲದು. 2007ರಲ್ಲಿ ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ ತನ್ನ ಓಟದ ಪಂದ್ಯಗಳಲ್ಲಿ ಇಯರ್‌ಫೋನುಗಳನ್ನು ನಿಷೇಧಿಸಿ, ಮರುವರ್ಷ ಆ ನಿಯಮವನ್ನು ಬಹುಮಾನಕ್ಕಾಗಿ ಓಡುವವರಿಗೆ ಮಾತ್ರ ಮಿತಿಗೊಳಿಸಿತು. ಹಾಡನ್ನು ಹೊರಗಿನ ನೆರವೆಂದು ಎಣಿಸಿ ನಿಯಮ ಮಾಡುವ ಹಂತಕ್ಕೆ ಅದರ ಮಹಿಮೆ ಮುಟ್ಟಿತೆಂದಾಯಿತು.

ಇಷ್ಟನ್ನು ವಿಜ್ಞಾನ ಹೇಳಿತು. ನಾಚಿಕೆಯ ವಿಚಾರಕ್ಕೆ ನಾನು ನಮ್ಮ ಪ್ರಾಚೀನ ಲಾಕ್ಷಣಿಕರ ಬಳಿಗೇ ಹೋಗಬೇಕು. ವೀರರಸಕ್ಕೆ ಸ್ಥಾಯಿಭಾವ ಉತ್ಸಾಹವೆಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಬಂದು ಹೋಗುವ ಮೂವತ್ತಮೂರು ಸಂಚಾರಿಭಾವಗಳ ಪಟ್ಟಿಯೂ ಅಲ್ಲಿದೆ. ಆ ಪಟ್ಟಿಯನ್ನು ತರಗತಿಯಲ್ಲಿ ಒಪ್ಪಿಸುವಾಗ ಹುಡುಗರಿಗೆ ತೂಕಡಿಕೆ ಬರುತ್ತದೆ. ಟ್ರೆಡ್‌ಮಿಲ್ಲಿನ ಮೇಲೆ ನಿಂತು ನೋಡಿದರೆ ಅದು ನಮ್ಮ ಬೆಳಗಿನ ಚರಿತ್ರೆಯಂತೆಯೇ ಇದೆ. ಆಲಸ್ಯ ಅದರಲ್ಲಿದೆ, ಗ್ಲಾನಿಯಿದೆ, ಹರ್ಷವಿದೆ, ಗರ್ವವಿದೆ. ಶ್ರಮವೂ ಇದೆ, ದಾರಿ ನಡೆಯುವುದರಿಂದಲೂ ವ್ಯಾಯಾಮದಿಂದಲೂ ಅದು ಹುಟ್ಟುತ್ತದೆಂದು ಮುನಿ ವಿವರಿಸಿಯೂ ಇದ್ದಾನೆ. ವ್ರೀಡೆ, ಎಂದರೆ ನಾಚಿಕೆ, ಇದೆ. ಒಳಗಿನ ಭಾವವನ್ನು ಹೊರಗೆ ಕಾಣದಂತೆ ಅಡಗಿಸುವ ಅವಹಿತ್ಥವೂ ಇದೆ. ನನ್ನ ಹೆಬ್ಬೆರಳು ಮಾಡುವ ಕೆಲಸಕ್ಕೆ ಇದಕ್ಕಿಂತ ತಕ್ಕ ಹೆಸರು ಯಾವ ಭಾಷೆಯಲ್ಲಿದೆಯೋ ಕಾಣೆ. ಉತ್ಸಾಹ ಸ್ಥಾಯಿ, ನಾಚಿಕೆ ಸಂಚಾರಿ: ಒಂದು ನಿಲ್ಲುವುದು, ಒಂದು ಹಾದುಹೋಗುವುದು. ಹಾದುಹೋಗಬೇಕಾದುದು ಮನೆಯ ಯಜಮಾನನಾಗಿ ಕುಳಿತರೆ ರಸಭಂಗ.

ನಾಚಿಕೆ ಹೀಗೆ ಯಜಮಾನನಾದುದು ನಮ್ಮ ನಾಡಿನಲ್ಲಿ ಇದೇ ಮೊದಲಲ್ಲ. ಮೈಮುರಿಯುವ ದುಡಿಮೆಗೆ ಹಾಡನ್ನು ಜೊತೆಮಾಡಿಕೊಳ್ಳುವುದು ನಮ್ಮವರಿಗೆ ಹೊಸ ವಿದ್ಯೆಯೇ? ಬೀಸುವ ಪದ, ಕುಟ್ಟುವ ಪದ, ಕಣದಲ್ಲಿ ಎತ್ತುಗಳ ಹಿಂದೆ ತಿರುಗುತ್ತ ಹಾಡುವ ಹಂತಿಯ ಪದ ಇವೆಲ್ಲ ದುಡಿಮೆಯ ಲಯದಲ್ಲಿಯೇ ಹುಟ್ಟಿದುವು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಅಚ್ಚು ಹಾಕಿಸುವವರೆಗೆ ಆ ತ್ರಿಪದಿಗಳಿಗೆ ಓದಿದವರ ಪಡಸಾಲೆಯಲ್ಲಿ ಸಿಕ್ಕುತ್ತಿದ್ದ ಮನ್ನಣೆ ಅಲ್ಪ. ಹಾಡಿದವರಿಗಾದರೂ ಅದು ಹಾಡೆಂಬ ಧೈರ್ಯ ಎಲ್ಲಿಯದು? ನಾನು ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಕ್ಷೇತ್ರಕಾರ್ಯಕ್ಕೆಂದು ನನ್ನ ಅಜ್ಜಿಯ ಎದುರಿಗೇ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕುಳಿತೆ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡಹಿಡಿದು, “ಅದೇನು ಹಾಡೇನೋ ಮಗ! ಕಲ್ಲು ತಿರುಗ್ಲಿ ಅಂತ ಏನೋ ಅಂದ್ಕೊಳ್ಳೋದು,” ಎಂದು ನಕ್ಕುಬಿಟ್ಟಳು. ಬಹಳ ಹೊತ್ತು ಪದ ಬರಲೇ ಇಲ್ಲ. ಕೊನೆಗೆ ಗೂಟ ಹಿಡಿದವಳಂತೆ ಚಾಪೆಯ ಮೇಲೆ ಬರಿಗೈಯನ್ನೇ ಸುತ್ತ ತಿರುಗಿಸತೊಡಗಿದಳು. ಮೂರು ಸುತ್ತು ತಿರುಗುವಷ್ಟರಲ್ಲಿ ಪದ ತಾನಾಗಿ ಬಂತು. ಕೈ ನಿಂತರೆ ಪದವೂ ನಿಲ್ಲುತ್ತಿತ್ತು.

ನಾನು ನಡೆಯುವ ಯಂತ್ರದ ಹೆಸರಿನಲ್ಲಿಯೂ ಒಂದು ಬೀಸುವ ಕಲ್ಲು ಅಡಗಿದೆಯೆಂಬುದು ತಡವಾಗಿ ನನ್ನ ಗಮನಕ್ಕೆ ಬಂತು. ‘ಟ್ರೆಡ್‌ಮಿಲ್’ ಎಂದರೆ ಕಾಲಿನಿಂದ ತುಳಿದು ತಿರುಗಿಸುವ ಗಿರಣಿ. 1818ರ ಸುಮಾರಿಗೆ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ಇಂಗ್ಲೆಂಡಿನ ಸೆರೆಮನೆಗಳಿಗಾಗಿ ಅದನ್ನು ರೂಪಿಸಿದ. ಕೈದಿಗಳು ಗಂಟೆಗಟ್ಟಲೆ ಅದರ ಮೆಟ್ಟಿಲುಗಳನ್ನು ತುಳಿಯಬೇಕಾಗಿತ್ತು. ಕೆಲವೆಡೆ ಅದರಿಂದ ಧಾನ್ಯ ಬೀಸಿದರು. ಕೆಲವೆಡೆ ಬರಿಯ ಗಾಳಿಯನ್ನು ಬೀಸಿದರು. ಮೌನವೇ ಕಟ್ಟಳೆಯಾಗಿದ್ದ ಸೆರೆಮನೆಗಳಲ್ಲಿ ಪಕ್ಕದವನೊಡನೆ ಮಾತನಾಡುವಂತೆಯೂ ಇರಲಿಲ್ಲ. 1898ರ ಕಾನೂನು ಆ ಶಿಕ್ಷೆಯನ್ನು ಕೊನೆಗಾಣಿಸಿತು. ಬೀಸುವುದು ಎರಡು ಕಡೆಯೂ ಬೀಸುವುದೇ. ಸೆರೆಮನೆಯಲ್ಲಿ ಅದು ಮೂಕ ಶಿಕ್ಷೆ, ಅಜ್ಜಿಯ ಮನೆಯಲ್ಲಿ ತವರನ್ನು ನೆನೆಯುವ ಹೊತ್ತು. ಬೀಸುವವಳ ಭಾರವನ್ನು ಹಾಡು ಪೂರ್ತಿಯಾಗಿ ಇಳಿಸಿತೆಂದು ಹೇಳುವಷ್ಟು ನಾನು ಮುಗ್ಧನಲ್ಲ. ಆದರೂ ಆ ಹೊತ್ತು ಅವಳದಾಗಿತ್ತು.

ಕಳೆದ ವರ್ಷ ಪದವಿ ತರಗತಿಯಲ್ಲಿ ಸಂಚಾರಿಭಾವಗಳ ಪಾಠ ನಡೆದಾಗ ಒಂದು ಸಣ್ಣ ಪ್ರಯೋಗ ಮಾಡಿದೆ. ಓಡುವಾಗಲೋ ಕಸರತ್ತು ಮಾಡುವಾಗಲೋ ನಿಮಗೆ ಹುರುಪು ಕೊಡುವ, ಆದರೆ ಗೆಳೆಯರೆದುರು ಹೇಳಲಾರದ ಹಾಡು ಯಾವುದು? ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಿ ಎಂದೆ. ನನ್ನಂತೆಯೇ ಪೋಕರಿ ಹಾಡುಗಳನ್ನು ಬರೆದವರು ಹಲವರಿದ್ದರು. ಬೇರೆ ಬಗೆಯವೂ ಇದ್ದುವು. ದಾಸರ ಪದ ಕೇಳುತ್ತ ದಂಡ ಹೊಡೆಯುತ್ತೇನೆ, ಗೊತ್ತಾದರೆ ‘ತಾತ’ ಎಂದು ಕರೆಯುತ್ತಾರೆ ಎಂದು ಒಬ್ಬ ಬರೆದಿದ್ದ. ಇನ್ನೊಂದು ಚೀಟಿಯಲ್ಲಿ ಹೀಗಿತ್ತು: “ನಮ್ಮಪ್ಪ ಬಾರಿಸುವ ಡೊಳ್ಳು. ಊರಿನ ಜಾತ್ರೆಯಲ್ಲಿ ಮೊಬೈಲಿಗೆ ಹಿಡಿದುಕೊಂಡು ಬಂದೆ. ಮೈದಾನದಲ್ಲಿ ಕೊನೆಯ ಸುತ್ತಿಗೆ ಅದನ್ನೇ ಹಾಕಿಕೊಳ್ಳುತ್ತೇನೆ. ಹಾಸ್ಟೆಲಿನಲ್ಲಿ ಯಾರಿಗೂ ಕೇಳಿಸಿಲ್ಲ.”

ಆ ಚೀಟಿಯನ್ನು ಓದಿದಾಗ ತರಗತಿಯಲ್ಲಿ ಯಾರೂ ನಗಲಿಲ್ಲ. ನನಗಂತೂ ಮುಂದಿನ ಪಾಠ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ನಾಚಿಕೆ ಹಾಡಿನೊಳಗೆ ಇರುವುದಿಲ್ಲ. ಯಾರು ಕೇಳಿಸಿಕೊಂಡಾರು ಎಂಬ ಅಂಜಿಕೆಯಲ್ಲಿರುತ್ತದೆ. ಪಂಡಿತನಾದ ನಾನು ಪೇಟೆಯ ಹಾಡನ್ನು ಮುಚ್ಚಿಡುತ್ತೇನೆ. ಪೇಟೆಗೆ ಬಂದ ಮಗು ಅಪ್ಪನ ಡೊಳ್ಳನ್ನು ಮುಚ್ಚಿಡುತ್ತದೆ. ನನ್ನ ಮುಚ್ಚಿಡುವಿಕೆ ನಗೆಯ ವಿಷಯ. ಆ ಮಗುವಿನದು ಹಾಗಲ್ಲ. ಒಳ್ಳೆಯ ಅಭಿರುಚಿಯೆಂದು ನಾವು ತರಗತಿಯಲ್ಲಿ ಹೇಳುವ ಮಾತಿಗೂ, ಹಾಸ್ಟೆಲಿನಲ್ಲಿ ಹೊಸ ಮೋಸ್ತರೆಂದು ಚಲಾವಣೆಯಾಗುವ ಮಾತಿಗೂ ಇದರಲ್ಲಿ ಪಾಲುಂಟು. ಎರಡೂ ಕೇಳುವ ಪ್ರಶ್ನೆ ಒಂದೇ: ನೀನು ಯಾರವನು?

ಹೀಗೆಂದ ಮಾತ್ರಕ್ಕೆ ಎಲ್ಲ ನಾಚಿಕೆಯನ್ನೂ ಗಾಳಿಗೆ ತೂರಬೇಕೆಂದು ನನ್ನ ವಾದವಲ್ಲ. ಲೋಕ ನಕ್ಕೀತೆಂಬ ನಾಚಿಕೆ ಒಂದು. ನನ್ನ ಮನಸ್ಸೇ ಒಪ್ಪದೆಂಬ ನಾಚಿಕೆ ಇನ್ನೊಂದು. ಹೆಂಗಸರನ್ನು ಹೀನೈಸುವ ಹಾಡು, ಇನ್ನೊಬ್ಬರ ಜಾತಿಯನ್ನೋ ಕುಲವನ್ನೋ ತುಳಿದು ಮೆರೆಯುವ ಹಾಡು ಇವುಗಳ ಲಯ ಎಷ್ಟೇ ಸೊಗಸಾಗಿದ್ದರೂ ನನ್ನ ಪಟ್ಟಿಗೆ ಪ್ರವೇಶವಿಲ್ಲ. ದಣಿದ ಮನಸ್ಸು ಮಾತನ್ನು ಪರೀಕ್ಷಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ. ದಿನಕ್ಕೆ ನಲವತ್ತು ನಿಮಿಷ ಒಳಗೆ ಬಂದದ್ದು ಎಂದಾದರೂ ಬಾಯಿಗೆ ಬಂದೀತು. ‘ಜೋಗಿ’ಯ ಹಾಡು ಹೊಡೆತದ ಹಾಡಲ್ಲವೆ ಎಂದು ವಾಚಕರು ಕೇಳಬಹುದು. ಹೌದು, ಆದರೆ ಟ್ರೆಡ್‌ಮಿಲ್ಲಿನ ಮೇಲೆ ಹೊಡೆಸಿಕೊಳ್ಳುವುದು ನನ್ನ ಆಲಸ್ಯವೊಂದೇ. ಅದಕ್ಕೆ ಬೀಳುವ ಪೆಟ್ಟಿಗೆ ನಾನೇನೂ ಮರುಗುವುದಿಲ್ಲ.

ಎರಡನೆಯ ಬಗೆಯ ನಾಚಿಕೆಯನ್ನು ಕಾಪಾಡಿಕೊಳ್ಳೋಣ. ಅದು ವಿವೇಕದ ಇನ್ನೊಂದು ಹೆಸರು. ಮೊದಲನೆಯದು ಬಂದರೆ ಬರಲಿ, ಸಂಚಾರಿಯ ಧರ್ಮದಂತೆ ಹಾದುಹೋಗಲಿ. ವೈದ್ಯರ ಕಾಗದದಲ್ಲಿ ಇಳಿಯಬೇಕಾದ ಅಂಕಿ, ಮೈದಾನದಲ್ಲಿ ಉಳಿದಿರುವ ಕೊನೆಯ ಸುತ್ತು, ಇವಕ್ಕೆ ನಮ್ಮ ಅಭಿರುಚಿಯ ಪ್ರಮಾಣಪತ್ರ ಬೇಕಿಲ್ಲ. ಆ ಚೀಟಿ ಬರೆದವರು ಯಾರೆಂದು ನಾನು ಕೇಳಲಿಲ್ಲ, ಮುಂದೆಯೂ ಕೇಳುವುದಿಲ್ಲ. ಎಂದಾದರೊಂದು ಸಂಜೆ ಕಾಲೇಜಿನ ಮೈದಾನದಲ್ಲಿ ಇಯರ್‌ಫೋನಿನ ತಂತಿಯಿಲ್ಲದೆ, ಎಲ್ಲರಿಗೂ ಕೇಳುವಂತೆ, ಆ ಡೊಳ್ಳು ಮೊಳಗಿದರೆ ಅಷ್ಟು ಸಾಕು.