ರಾಗಿ ಕಾಳಿನೊಳಗೆ ಒಂದು ಕೋಟಿ

ಕ್ರಿಪ್ಟೋಸ್ಪೊರಿಡಿಯಮ್. ಕರುಳಿಗೆ ಅಂಟುವ ಈ ಪರಾವಲಂಬಿಯ ಗಟ್ಟಿ ಕವಚದ ಕೋಶ ಸುಮಾರು 5 ಮೈಕ್ರಾನ್ ಅಗಲ. ಒತ್ತಾಗಿ ಸಾಲು ನಿಲ್ಲಿಸಿದರೆ ಒಂದು ಮಿಲಿಮೀಟರಿಗೆ 200! ಒಂದು ರಾಗಿ ಕಾಳಿನಷ್ಟು ಜಾಗಕ್ಕೆ ತುಂಬುತ್ತ ಹೋದರೆ ಕೋಟಿ ದಾಟುತ್ತದೆ. ಒಬ್ಬರಿಗೆ ಸೋಂಕು ತಗುಲಲು ಎಷ್ಟು ಬೇಕು? ಹತ್ತು ಸಾಕು. ಅಂದರೆ ಆ ಒಂದು ಕಾಳಿನಲ್ಲಿ ಹತ್ತು ಲಕ್ಷ ಜನರಿಗಾಗುವಷ್ಟು ಕಾಯಿಲೆ. ಇನ್ನು ರೋಗಿಯೊಬ್ಬರು ಒಮ್ಮೆ ಶೌಚಕ್ಕೆ ಹೋದರೆ ಹೊರಬೀಳುವ ಕೋಶಗಳು 10 ಕೋಟಿವರೆಗೂ ಇರಬಹುದು. ಹತ್ತತ್ತರಂತೆ ಹಂಚಿದರೆ ಒಂದು ಕೋಟಿ ಜನಕ್ಕೆ! 2011ರ ಜನಗಣತಿಯ ಇಡೀ ಬೆಂಗಳೂರಿಗೆ ಕೊಟ್ಟೂ ಮಿಗುತ್ತದೆ.

ಕ್ಲೋರಿನ್ ಇದೆಯಲ್ಲ ಎನ್ನುತ್ತೀರಾ? ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಇ. ಕೋಲಿ ಒಂದು ನಿಮಿಷವೂ ಬದುಕದು. ಗಟ್ಟಿಪಿಂಡವೆನಿಸಿದ ಜಿಯಾರ್ಡಿಯಾ 45 ನಿಮಿಷಕ್ಕೆ ಸೋಲುತ್ತದೆ. ಕ್ರಿಪ್ಟೋವನ್ನು ಮುಗಿಸಲು 15,300 ನಿಮಿಷ ಬೇಕು. ಹತ್ತು ಹಗಲು, ಹತ್ತು ರಾತ್ರಿ, ಮೇಲೆ ಹದಿನೈದು ಗಂಟೆ!

1993ರ ವಸಂತದಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಇದು ಶುದ್ಧೀಕರಣ ಘಟಕವನ್ನೇ ದಾಟಿ ಮನೆಮನೆಯ ನಲ್ಲಿಗೆ ಬಂತು. ಕಾಯಿಲೆ ಬಿದ್ದವರ ಅಂದಾಜು 4,03,000. ನಗರ ಮತ್ತು ಸುತ್ತಮುತ್ತಲ ಜನಸಂಖ್ಯೆಯೇ ಸುಮಾರು 16 ಲಕ್ಷ. ಅಂದರೆ ನಾಲ್ವರಲ್ಲಿ ಒಬ್ಬರು. ಆಸ್ಪತ್ರೆ ಸೇರಿದವರು 4,400. ತಲೆಗೆ ಮೂರೇ ದಿನ ಭೇದಿ ಎಂದು ಹಿಡಿದರೂ ಒಟ್ಟು 12 ಲಕ್ಷ ದಿನವಾಯಿತು. ವರ್ಷಕ್ಕೆ ಇಳಿಸಿ ನೋಡಿ: 3,300 ವರ್ಷಗಳ ನರಳಾಟ, ಒಂದೇ ಊರಿನಲ್ಲಿ, ಕೆಲವೇ ವಾರಗಳಲ್ಲಿ! ಚಿಕಿತ್ಸೆ, ಕೆಲಸದ ನಷ್ಟ ಸೇರಿ ಹೋದ ಹಣ 9.6 ಕೋಟಿ ಡಾಲರ್.

ಆದರೂ ಇವರಲ್ಲಿ ಬಹುಪಾಲು ಜನ ತಾವಾಗಿಯೇ ಚೇತರಿಸಿಕೊಂಡರು. ಅದೇ ನೀರು ಕುಡಿದ ಏಡ್ಸ್ ರೋಗಿಗಳ ಲೆಕ್ಕ ಓದುವಾಗ ಎದೆ ಹಿಂಡುತ್ತದೆ. ರಕ್ತದ ಒಂದು ಘನ ಮಿಲಿಮೀಟರಿನಲ್ಲಿ 500ಕ್ಕೂ ಹೆಚ್ಚಿರಬೇಕಾದ, ಸೋಂಕಿನ ವಿರುದ್ಧ ಹೋರಾಡುವ ಸಿಡಿ4 ಬಿಳಿ ರಕ್ತಕಣಗಳು 100ಕ್ಕಿಂತ ಕೆಳಗಿಳಿದ ಮೈಯಲ್ಲಿ ಈ ಭೇದಿಗೆ ಕೊನೆಯೇ ಇಲ್ಲ, ದಿನಗಳು ತಿಂಗಳುಗಳಾಗುತ್ತವೆ. ಇಂಥವರು ದಿನವೊಂದಕ್ಕೆ 10 ಲೀಟರಿಗೂ ಮೀರಿ ದ್ರವ ಕಳೆದುಕೊಂಡದ್ದುಂಟು. ವಯಸ್ಕರ ಮೈಯಲ್ಲಿ ಹರಿಯುವ ರಕ್ತವೇ ಸುಮಾರು 5 ಲೀಟರ್! ಅದರ ಎರಡು ಪಟ್ಟು, ಬೆಳಗಿನಿಂದ ಬೆಳಗಿನವರೆಗೆ. ಮಿಲ್ವಾಕಿಯಲ್ಲಿ ಎರಡು ವರ್ಷಗಳಲ್ಲಿ ಈ ಸೋಂಕಿಗೆ ಬಲಿಯಾದವರು 50ಕ್ಕೂ ಹೆಚ್ಚು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಏಡ್ಸ್ ಇತ್ತು.

ಮೂರು ವರ್ಷ ಕಳೆದು, 1996ರ ಹೊತ್ತಿಗೆ, ಎಚ್‌ಐವಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಪ್ರಬಲ ಚಿಕಿತ್ಸೆ ಬಂತು. ಸಿಡಿ4 ಮತ್ತೆ 100 ದಾಟಿ ಏರಿದಂತೆ ತಿಂಗಳುಗಟ್ಟಲೆ ಕಾಡಿದ್ದ ಭೇದಿ ಎಷ್ಟೋ ರೋಗಿಗಳಲ್ಲಿ ನಿಂತೇಹೋಯಿತು, ಕ್ರಿಪ್ಟೋಗೆಂದು ಒಂದೂ ಮಾತ್ರೆ ನುಂಗದೆ!