ಸೋಮವಾರ ಬೆಳಿಗ್ಗೆ ಕಾರು ಬೇಕು

ಮನೆಯಲ್ಲಿ ಎರಡು ಕಾರು ಇರುವವರು ಒಂದನ್ನು ಬಿಚ್ಚಿ ಹರವಿಕೊಂಡು ತಿಂಗಳುಗಟ್ಟಲೆ ಕೂರಬಹುದು. ಆಫೀಸಿಗೂ ಮಕ್ಕಳ ಶಾಲೆಗೂ ದಿನಾ ಓಡುವ ಒಂದೇ ಕಾರಿಗೆ ಆ ಸೌಕರ್ಯವಿಲ್ಲ. ಶನಿವಾರ ಬಾನೆಟ್ ಎತ್ತಿದರೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದು ರಸ್ತೆಯ ಮೇಲಿರಬೇಕು. ಸ್ವಂತ ಕೈಯಲ್ಲಿ ರಿಪೇರಿ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ‘ಇದು ನನ್ನ ಕೈಲಾದೀತೇ’ ಎಂದು ಯೋಚಿಸುತ್ತಾರೆ, ಒಂದೆರಡು ವಿಡಿಯೊ ನೋಡಿ ಆದೀತು ಎಂದುಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಕೆಲಸ ಅರ್ಧಕ್ಕೆ ನಿಂತರೆ ಗಾಡಿ ಓಡುತ್ತದೆಯೇ? ವಾರಾಂತ್ಯದ ರಿಪೇರಿಯ ಯೋಜನೆಯೆಲ್ಲ ಈ ಪ್ರಶ್ನೆಯ ಮೇಲೇ ನಿಂತಿರಬೇಕು ಎಂಬುದು ನನ್ನ ವಾದ.

ಪ್ರತಿ ಕೆಲಸದಲ್ಲೂ ಹಿಂದೆ ಸರಿಯಲಾಗದ ಒಂದು ಹಂತ ಇರುತ್ತದೆ. ಏರ್ ಫಿಲ್ಟರ್, ಎ.ಸಿ. ಫಿಲ್ಟರ್, ವೈಪರ್, ಬಲ್ಬುಗಳಲ್ಲಿ ಅದು ಇಲ್ಲವೆಂದೇ ಹೇಳಬೇಕು. ತಂದ ಸಾಮಾನು ಕೂರದಿದ್ದರೆ ಹಳೆಯದನ್ನೇ ಮರಳಿ ಹಾಕಿದರಾಯಿತು. ಎಂಜಿನ್ ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟು ಕಳಚಿದ ಕ್ಷಣವೇ ಆ ಹಂತ. ಕ್ಲಚ್ ಅಥವಾ ಟೈಮಿಂಗ್ ಬೆಲ್ಟಿನಲ್ಲಿ ಅದು ಬೇಗ ಬಂದುಬಿಡುತ್ತದೆ, ಆಮೇಲಿನ ದಾರಿಯೂ ಉದ್ದ. ಅನುಭವಿ ಮೆಕ್ಯಾನಿಕ್‌ಗಳು ಈ ಹಂತವನ್ನು ಆದಷ್ಟು ಹಿಂದಕ್ಕೆ ತಳ್ಳುತ್ತಾರೆ. ಗೇರ್‌ಬಾಕ್ಸಿನ ಆಯಿಲ್ ಇಳಿಸುವ ಮೊದಲು ಅವರು ಆಯಿಲ್ ತುಂಬುವ ಮೇಲಿನ ಬೋಲ್ಟನ್ನು ಸಡಿಲಿಸಿ ನೋಡಿಕೊಳ್ಳುತ್ತಾರೆ. ಅದು ತುಕ್ಕು ಹಿಡಿದು ಕದಲದೇ ಹೋದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಆದರೆ ಹಳೆಯ ಆಯಿಲ್ ಒಳಗೇ ಇರುತ್ತದೆ, ಕಾರು ಓಡುತ್ತದೆ. ಕೆಳಗಿನ ಬೋಲ್ಟು ಮೊದಲು ಬಿಚ್ಚಿದವರಿಗೆ ಬರಿದಾದ ಗೇರ್‌ಬಾಕ್ಸು, ಆಯಿಲ್ ಹೊಯ್ಯಲು ದಾರಿಯೇ ಇಲ್ಲ. ಎರಡೇ ಬೋಲ್ಟಿನ ಹಿಂದುಮುಂದು, ಅಷ್ಟೇ ವ್ಯತ್ಯಾಸ.

ಮುಂದಿನ ಚಕ್ರಗಳ ಬ್ರೇಕ್ ಪ್ಯಾಡನ್ನೇ ತೆಗೆದುಕೊಳ್ಳಿ. ಪ್ಯಾಡು ಎಷ್ಟು ಸವೆದಿದೆ ಎಂಬುದನ್ನು ವಾರಕ್ಕೆ ಮೊದಲೇ ನೋಡಿರಬೇಕು; ಸುಮಾರು ಮೂರು ಮಿಲಿಮೀಟರ್ ಉಳಿದಿದ್ದರೆ ಬದಲಿಸುವ ಕಾಲ ಬಂತು. ಕಾರಿನ ಹೆಸರಷ್ಟೇ ಹೇಳಿ ಪ್ಯಾಡ್ ಕೇಳಬಾರದು, ಚಾಸಿ ನಂಬರ್ ಕೊಡಬೇಕು, ಏಕೆಂದರೆ ಒಂದೇ ಹೆಸರಿನ ಕಾರಿಗೆ ವರ್ಷದಿಂದ ವರ್ಷಕ್ಕೆ ಬೇರೆ ಕ್ಯಾಲಿಪರ್ ಇರಬಹುದು. ಚಕ್ರದ ನಟ್ಟುಗಳನ್ನು ಟೈರು ನೆಲದ ಮೇಲಿರುವಾಗಲೇ ಸಡಿಲಿಸಿ, ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಬೇಕು. ಡಿಕ್ಕಿಯಲ್ಲಿರುವ ಜಾಕು ಸ್ಟೆಪ್ನಿ ಹಾಕುವಷ್ಟು ಹೊತ್ತಿಗೆ ಮಾತ್ರ; ಅದೊಂದನ್ನೇ ನಂಬಿ ಕಾರಿನಡಿ ಕೈಕಾಲು ಚಾಚುವುದು ಪ್ರಾಣದ ಜೊತೆ ಆಟ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬಾರದು. ಯಾವ ಕ್ಲಿಪ್ಪು ಎಲ್ಲಿತ್ತು ಎಂದು ಮರೆತರೆ ನೋಡಿಕೊಳ್ಳಲು ಬಿಚ್ಚದ ಆ ಬದಿಗಿಂತ ಒಳ್ಳೆಯ ನಕ್ಷೆಯಿಲ್ಲ. ಹಳೆಯ ಪ್ಯಾಡು ಕೈಗೆ ಬಂದಾಗ ಹೊಸದರ ಪಕ್ಕ ಇಟ್ಟು ತಗಡಿನ ಆಕಾರ ಹೋಲಿಸಿ. ತಾಳೆಯಾಗದಿದ್ದರೆ ಹಳೆಯದನ್ನೇ ಕೂರಿಸಿ ಮುಚ್ಚಿ. ಅರ್ಧ ಗಂಟೆ ಹೋಯಿತು, ಕಾರಲ್ಲ. ಕ್ಯಾಲಿಪರನ್ನು ಅದರ ರಬ್ಬರ್ ಪೈಪಿನಲ್ಲಿ ಜೋತಾಡಲು ಬಿಡದೆ ತಂತಿಯಿಂದ ಕಟ್ಟಬೇಕು. ಪಿಸ್ಟನ್ನನ್ನು ಕ್ಲ್ಯಾಂಪಿನಿಂದ ನಿಧಾನವಾಗಿ ಒಳಗೆ ಒತ್ತುವಾಗ ಬಾನೆಟ್ಟಿನಡಿ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ಲದಂತೆ ಕಣ್ಣಿಡಬೇಕು. ಎಲ್ಲ ಮುಗಿದ ಮೇಲೆ, ಕಾರನ್ನು ಒಂದಡಿಯೂ ಕದಲಿಸುವ ಮುನ್ನ, ಪೆಡಲು ಗಟ್ಟಿಯಾಗುವವರೆಗೆ ತುಳಿಯಬೇಕು. ಮೊದಲೆರಡು ಸಲ ಅದು ಸೀದಾ ಕೆಳಕ್ಕೆ ಇಳಿಯುತ್ತದೆ. ಅದನ್ನು ಗೇಟಿನ ಹೊರಗೆ ಹೋದಮೇಲೆ ಕಂಡುಕೊಳ್ಳುವುದು ಬೇಡ.

ಬ್ರೇಕಿನಂಥ ವಿಷಯದಲ್ಲಿ ಹವ್ಯಾಸಿಗಳಿಗೆ ಏನು ಕೆಲಸ ಎಂಬ ಆಕ್ಷೇಪ ಬರುವುದು ಸಹಜ, ಅದರಲ್ಲಿ ಹುರುಳೂ ಇದೆ. ಮೊದಲ ಸಲ ಮಾಡುವವರು ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಬೇಕು. ಆದರೆ ಪ್ಯಾಡ್ ಬದಲಿಸುವಾಗ ಬ್ರೇಕ್ ಆಯಿಲಿನ ಪೈಪು ಬಿಚ್ಚುವುದಿಲ್ಲ, ಗಾಳಿ ಒಳಹೋಗುವುದಿಲ್ಲ. ಪೈಪು ಬಿಚ್ಚಬೇಕಾದ ಕೆಲಸ ಬೇರೆಯೇ ಜಾತಿಯದು. ಗಾಳಿ ಸೇರಿದರೆ ಪೆಡಲು ಮೆತ್ತಗಾಗುತ್ತದೆ, ಅದನ್ನು ಹೊರತೆಗೆಯಲು ಸಾಧಾರಣವಾಗಿ ಇನ್ನೊಬ್ಬರ ಕಾಲೂ ಬೇಕು. ಇಂಥದ್ದನ್ನು ಗ್ಯಾರೇಜಿಗೆ ಬಿಡುವುದು ಸೋಲಲ್ಲ. ಹಿಂದಿನ ಡ್ರಮ್ಮಿನೊಳಗಿನ ಸ್ಪ್ರಿಂಗುಗಳೂ ಹೊಸಬರ ತಾಳ್ಮೆಗೆ ತಕ್ಕವಲ್ಲ.

ಇನ್ನು ಹೊತ್ತಿನ ಲೆಕ್ಕ. ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ಜಿಲ್ಲಾ ಕೇಂದ್ರದ ಪೇಟೆಯಿರಲಿ, ಸ್ಪೇರ್ ಪಾರ್ಟ್ಸ್ ಅಂಗಡಿಗಳು ಭಾನುವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತವೆ. ಬೋಲ್ಟಿನ ತಲೆ ಮುರಿದರೆ, ಥ್ರೆಡ್ ಹೋದರೆ, ಅದು ಶನಿವಾರ ಹನ್ನೊಂದು ಗಂಟೆಗೆ ಆಗಲಿ. ಭಾನುವಾರ ಸಂಜೆ ಬೇಡ. ತುಕ್ಕು ಹಿಡಿದ ಬೋಲ್ಟುಗಳಿಗೆ ಶುಕ್ರವಾರ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಬೇಕು. ಭಾನುವಾರ ಪೂರ್ತಿ ಖಾಲಿ ಇರಲಿ: ಹತ್ತಿರದಲ್ಲೇ ಒಂದು ಸುತ್ತು, ಸೋರಿಕೆಯ ಪರೀಕ್ಷೆ, ಮ್ಯಾನುಯಲ್ ಹೇಳಿದ ಟಾರ್ಕಿಗೆ ನಟ್ಟುಗಳನ್ನು ಇನ್ನೊಮ್ಮೆ ನೋಡುವುದು. ‘ಹೇಗೂ ಚಕ್ರ ಬಿಚ್ಚಿದೆ, ಅದನ್ನೂ ಇದನ್ನೂ ಮುಗಿಸಿಬಿಡೋಣ’ ಎನ್ನುವ ಚಪಲವೇ ಅನೇಕ ಸೋಮವಾರಗಳನ್ನು ಕೆಡಿಸುವುದು. ಸಾಮಾನು ಕೈಯಲ್ಲಿಲ್ಲದ ಕೆಲಸವನ್ನು ಆ ವಾರಕ್ಕೆ ಸೇರಿಸಲೇಬಾರದು.

ಬೀದಿ ಕೊನೆಯ ಮೆಕ್ಯಾನಿಕ್ ಕಡಿಮೆ ಕೂಲಿಗೆ ಮಾಡಿಕೊಡುವಾಗ ಈ ಉಸಾಬರಿ ಯಾಕೆ ಎಂದು ಕೇಳಬಹುದು. ಆಯಿಲ್ ಬದಲಾವಣೆಯಲ್ಲಿ ನಿಜಕ್ಕೂ ಹೇಳಿಕೊಳ್ಳುವಂಥ ಉಳಿತಾಯವಿಲ್ಲ. ಸಿಗುವುದು ಬೇರೆ: ಯಾವ ಸಾಮಾನು ಹಾಕಿದೆ ಎಂಬ ಖಾತ್ರಿ, ವಾರದ ನಡುವೆ ಕಾರು ಬಿಟ್ಟುಬಂದು ರಜೆ ಹಾಕುವ ತಾಪತ್ರಯದಿಂದ ಮುಕ್ತಿ, ಮುಂದೆ ಗ್ಯಾರೇಜಿನವರು ಪಟ್ಟಿ ಕೊಟ್ಟಾಗ ಅದನ್ನು ಓದಬಲ್ಲ ಕಣ್ಣು. ವಾರಂಟಿಯ ಭಯಕ್ಕೂ ಒಂದು ಮಾತು. ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿದಾಗ, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಸಲ್ಲದು ಎಂದಿತ್ತು. ದಂಡದ ವಿಚಾರ ಆಮೇಲೆ ಮೇಲ್ಮನವಿಗೆ ಹೋಯಿತು. ಅದು ಗ್ಯಾರೇಜುಗಳ ಮಾತು, ನಾವೇ ಸ್ಪ್ಯಾನರ್ ಹಿಡಿಯುವುದಕ್ಕೆ ನೇರ ರಕ್ಷಣೆಯಲ್ಲ. ವಾರಂಟಿ ಮುಗಿಯದ ಕಾರಿನಲ್ಲಿ ಫಿಲ್ಟರು, ವೈಪರುಗಳಾಚೆ ಕೈಹಾಕದಿರುವುದೇ ಲೇಸು. ಅಪಾರ್ಟ್‌ಮೆಂಟಿನ ಸಂಘದವರು ನೆಲಮಾಳಿಗೆಯಲ್ಲಿ ಆಯಿಲ್ ಇಳಿಸಬೇಡಿ ಎಂದರೆ ಅವರ ಮಾತಿಗೂ ಬೆಲೆಯಿದೆ. ಬಳಸಿದ ಎಂಜಿನ್ ಆಯಿಲ್ ನಮ್ಮ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಚರಂಡಿಗೆ ಸುರಿಯುವಂಥದ್ದಲ್ಲ. ಹೊಸ ಆಯಿಲ್ ಬಂದ ಡಬ್ಬಿಗೇ ಅದನ್ನು ತುಂಬಿ, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕೊಡುವ ಸರ್ವಿಸ್ ಸೆಂಟರ್ ಯಾವುದೆಂದು ಶನಿವಾರಕ್ಕೆ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.